ಕಲ್ಕತ್ತೆಯ ಚಹಾ ಪೆಟ್ಟಿಗೆ: ಒಂದು ಐತಿಹಾಸಿಕ ವಿವೇಚನೆ

೧

ವಾಣಿಜ್ಯದ ಇತಿಹಾಸವನ್ನು ಬರೆದವರು ಸರಕಿನ ವಿಷಯವಾಗಿ ಬಹಳ ಬರೆದಿದ್ದಾರೆ. ಸರಕನ್ನು ಹೊತ್ತ ಪಾತ್ರೆಯ ವಿಷಯವಾಗಿ ಬರೆದವರು ವಿರಳ. ಮೆಣಸು ಯಾವ ರೇವಿನಿಂದ ಹೊರಟಿತು, ರೇಷ್ಮೆಗೆ ಎಷ್ಟು ಬೆಲೆ ಬಂದಿತು, ಸುಂಕವನ್ನು ಯಾರು ಎತ್ತಿದರು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ. ಆ ಸರಕು ಯಾವ ಮರದ ಯಾವ ಅಳತೆಯ ಪೆಟ್ಟಿಗೆಯಲ್ಲಿ ಹೋಯಿತು, ಆ ಪೆಟ್ಟಿಗೆಯನ್ನು ಕಟ್ಟಿದವರು ಯಾರು, ಬರಿದಾದ ಮೇಲೆ ಅದು ಏನಾಯಿತು ಎಂದು ಕೇಳಿದರೆ ಗ್ರಂಥಗಳು ಮೌನ ತಾಳುತ್ತವೆ. ಪಾತ್ರೆಯನ್ನು ಸರಕಿನ ಸೇವಕನೆಂದು ಬಗೆದು ಬಾಗಿಲಲ್ಲಿಯೇ ನಿಲ್ಲಿಸಿಬಿಡುವುದು ನಮ್ಮ ವಿದ್ವಾಂಸರ ರೂಢಿ.

ಕಲ್ಕತ್ತೆಯ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ನೀಲಿ, ಅಫೀಮು, ಸೆಣಬು, ಚಹಾ ಎಂಬ ನಾಲ್ಕು ಸರಕುಗಳ ಮೇಲೆ ಈ ನಗರದ ಸಿರಿ ಬಹುಕಾಲ ನಿಂತಿತ್ತೆಂಬುದು ಎಲ್ಲರೂ ಬಲ್ಲ ಸಂಗತಿ. ಇವುಗಳಲ್ಲಿ ಮೂರು ಪೆಟ್ಟಿಗೆಯಲ್ಲಿ ಪ್ರಯಾಣ ಮಾಡಿದವು. ನಾಲ್ಕನೆಯದಾದ ಸೆಣಬು ಸ್ವತಃ ಗೋಣಿಯಾಗಿ ಜಗತ್ತಿನ ಅನ್ಯ ಸರಕುಗಳನ್ನು ಹೊತ್ತಿತು. ಹೀಗೆ ನೋಡಿದರೆ ಹೂಗ್ಲಿಯ ದಡದ ಈ ಪಟ್ಟಣವು ತುಂಬುವ, ಮುಚ್ಚುವ, ಪೇರಿಸುವ ವಿದ್ಯೆಯ ದೊಡ್ಡ ಪಾಠಶಾಲೆಯೇ ಆಗಿತ್ತು. ಆ ಪಾಠಶಾಲೆಯ ಒಂದೇ ಒಂದು ವಸ್ತುವನ್ನು, ಎಂದರೆ ಬಿಡಿಬಿಡಿಯಾಗಿ ಬಂದು, ಜೋಡಣೆಗೊಂಡು, ತುಂಬಿ, ಒಂದರ ಮೇಲೊಂದು ಕುಳಿತು ಕಡಲು ದಾಟಿದ ಚಹಾದ ಪೆಟ್ಟಿಗೆಯನ್ನು ಆಯ್ದುಕೊಂಡು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ಅದರ ಕಥೆ ಅಸ್ಸಾಮಿನಲ್ಲಿ ಮುಗಿಯದೆ ನಮ್ಮ ಪಶ್ಚಿಮ ಘಟ್ಟದ ಕಾಡಿನವರೆಗೂ ಬೆಂಗಳೂರಿನವರೆಗೂ ಬರುತ್ತದೆಂಬುದು ಕನ್ನಡಿಗರಾದ ನಮಗೆ ಈ ವಿಷಯವು ಪರಕೀಯವಲ್ಲವೆಂಬುದಕ್ಕೆ ಸಾಕ್ಷಿ.

೨

ಚಹಾಕ್ಕೆ ಮೊದಲೇ ಕಲ್ಕತ್ತೆಯು ಪೆಟ್ಟಿಗೆಯ ವ್ಯವಹಾರದಲ್ಲಿ ನುರಿತಿತ್ತು. ಪಾಟ್ನಾ ಅಫೀಮನ್ನು ಮಾವಿನ ಮರದ ಪೆಟ್ಟಿಗೆಯಲ್ಲಿ ತುಂಬಿ ಇಲ್ಲಿಗೆ ತಂದು ಹರಾಜು ಹಾಕುತ್ತಿದ್ದರು. ಒಂದು ಪೆಟ್ಟಿಗೆಯಲ್ಲಿ ೪೦ ಉಂಡೆ. ಇಪ್ಪತ್ತಿಪ್ಪತ್ತರಂತೆ ಎರಡು ಅಂತಸ್ತು. ಒಂದೊಂದು ಉಂಡೆಗೂ ಪ್ರತ್ಯೇಕವಾದ ಕೋಣೆ. ಪೆಟ್ಟಿಗೆಯೆಂಬುದು ಕೇವಲ ಹೊದಿಕೆಯಾಗಿರದೆ ಎಣಿಕೆಯ ಮಾನವೂ ಆಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಸರ್ಕಾರದ ಕಡತಗಳಲ್ಲಿ ಅಫೀಮಿನ ವ್ಯಾಪಾರವನ್ನು ಪೆಟ್ಟಿಗೆಗಳಲ್ಲಿಯೇ ಲೆಕ್ಕವಿಟ್ಟಿದ್ದಾರೆ. ವ್ಯಾಪಾರಿಯ ಬಾಯಿಯಲ್ಲಿ ಪಾತ್ರೆಯ ಹೆಸರೇ ಸರಕಿನ ಅಳತೆಯಾಗಿ ನಿಂತಿತು. ನಮ್ಮ ಹಳ್ಳಿಗಳಲ್ಲಿ ಭತ್ತವನ್ನು ಪಲ್ಲದಿಂದಲೂ ಚೀಲದಿಂದಲೂ ಎಣಿಸುವಂತೆಯೇ ಇದು.

ಚಹಾದ ಪೆಟ್ಟಿಗೆಯಾದರೋ ಚೀನಾದಿಂದ ಬಂದ ರೂಪ. ಕ್ಯಾಂಟನ್ನಿನಿಂದ ಹೊರಡುತ್ತಿದ್ದ ಚಹಾವನ್ನು ತೆಳು ಹಲಗೆಯ ಪೆಟ್ಟಿಗೆಯೊಳಗೆ ಸೀಸದ ಹಾಳೆಯ ಒಳಪದರವನ್ನು ಹೊದಿಸಿ, ಕಾಗದವನ್ನು ಹಾಸಿ, ತುಂಬಿ, ಸೀಸಕ್ಕೆ ಬೆಸುಗೆ ಹಾಕಿ ಮುಚ್ಚುತ್ತಿದ್ದರು. ಹಡಗಿನ ಒಡಲಲ್ಲಿ ತಳಭಾಗಕ್ಕೆ ಪಿಂಗಾಣಿ, ಅದರ ಮೇಲೆ ಚಹಾ ಎಂಬುದು ಕ್ರಮ. ಪಿಂಗಾಣಿಗೆ ಭಾರವುಂಟು, ನೀರಿನ ಭಯವಿಲ್ಲ. ೧೭೭೩ರ ಡಿಸೆಂಬರ್ ೧೬ರಂದು ಅಮೆರಿಕದ ಬಾಸ್ಟನ್ ರೇವಿನಲ್ಲಿ ಕಡಲಿಗೆ ಬಿದ್ದ ೩೪೨ ಪೆಟ್ಟಿಗೆಗಳೂ ಚೀನಾದ ಚಹಾದವೇ. ಆ ರಾತ್ರಿ ಜನರು ಪೆಟ್ಟಿಗೆಗಳನ್ನು ಹಾಗೆಯೇ ಎಸೆಯದೆ ಕೊಡಲಿಯಿಂದ ಒಡೆದು ಎಸೆದರು. ಒಡೆಯದೆ ಇದ್ದಿದ್ದರೆ ಸೀಸದ ಪದರವು ಚಹಾವನ್ನು ಕೆಲಕಾಲವಾದರೂ ಕಾಪಾಡುತ್ತಿತ್ತೆಂದು ಊಹಿಸಬಹುದು.

ಚಹಾಕ್ಕೆ ಇಷ್ಟೊಂದು ಕಾವಲು ಏಕೆ? ಕಾರಣ ಅದರ ಪ್ರಕೃತಿಯಲ್ಲಿದೆ. ಕೊನೆಯ ಸಲ ಬಿಸಿಗೆ ಹಿಡಿದ ಎಲೆಯಲ್ಲಿ ಉಳಿಯುವ ತೇವ ನೂರಕ್ಕೆ ಸುಮಾರು ಮೂರು ಪಾಲು. ಅಷ್ಟು ಒಣಗಿದ ವಸ್ತುವು ಸುತ್ತಲಿನ ಗಾಳಿಯಿಂದ ತೇವವನ್ನು ಹೀರುತ್ತದೆ. ತೇವದೊಡನೆ ವಾಸನೆಯನ್ನೂ ಹೀರುತ್ತದೆ. ಮಗ್ಗುಲಲ್ಲಿ ಮೆಣಸಿದ್ದರೆ ಮೆಣಸು, ತೊಗಲಿದ್ದರೆ ತೊಗಲು, ಹಸಿ ಮರವಿದ್ದರೆ ಹಸಿ ಮರ. ಬೇರೆ ಸರಕಿಗೆ ಪೆಟ್ಟಿಗೆ ಮೈಗಾವಲು ಮಾತ್ರ. ಚಹಾಕ್ಕೆ ಅದೇ ಅಪಾಯವೂ ಆಗಬಲ್ಲದು. ಮುಂದಿನ ಇತಿಹಾಸವೆಲ್ಲವೂ ಈ ಇಬ್ಬಂದಿಯಿಂದಲೇ ಹುಟ್ಟಿದುದು.

೩

ಅಸ್ಸಾಮಿನಲ್ಲಿ ಚಹಾ ತಯಾರಿಕೆಯನ್ನು ಪ್ರಯೋಗಾರ್ಥವಾಗಿ ಕೈಕೊಂಡಾಗ ಎಲೆಯ ಹದ ಬಲ್ಲ ಚೀನೀಯರನ್ನು ಕರೆಸಿದಂತೆಯೇ ಪೆಟ್ಟಿಗೆ ಕಟ್ಟುವ ಚೀನೀ ಕುಶಲಿಗಳನ್ನೂ ಕರೆಸಬೇಕಾಯಿತು. ೧೮೩೮ರಲ್ಲಿ ಕಲ್ಕತ್ತೆಯಿಂದ ಹೊರಟ ಅಸ್ಸಾಮಿನ ಮೊದಲ ಚಹಾದಲ್ಲಿ ೮ ಪೆಟ್ಟಿಗೆ, ಸುಮಾರು ೩೫೦ ಪೌಂಡು, ೧೮೩೯ರ ಜನವರಿ ೧೦ರಂದು ಲಂಡನ್ನಿನಲ್ಲಿ ಹರಾಜಾಯಿತು. ಭಾರತದ ಚಹಾ ಉದ್ಯಮದ ಜನ್ಮದಿನವೆಂದು ಇದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಒಂದೊಂದು ಪೆಟ್ಟಿಗೆಯಲ್ಲಿ ಸರಾಸರಿ ೪೪ ಪೌಂಡು ಮಾತ್ರ ಇತ್ತೆಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಮುಂದೆ ರೂಢಿಗೆ ಬಂದ ಪೆಟ್ಟಿಗೆಯು ಇದರ ಎರಡರಷ್ಟಕ್ಕಿಂತಲೂ ಹೆಚ್ಚನ್ನು ಹಿಡಿಯಿತು. ಈಗಿನ ಲೆಕ್ಕದಲ್ಲಿ ಸುಮಾರು ೫೦ ಕಿಲೋಗ್ರಾಂ. ಇಬ್ಬರು ಹಮಾಲಿಗಳು ಎತ್ತಿ ಒಬ್ಬನ ಬೆನ್ನಿಗೆ ಹೊರಿಸಬಹುದಾದ ಭಾರ ಅದು.

೧೮೬೧ರ ಡಿಸೆಂಬರ್ ೨೭ರಂದು ಕಲ್ಕತ್ತೆಯಲ್ಲಿಯೇ ಚಹಾದ ಮೊದಲ ಬಹಿರಂಗ ಹರಾಜು ನಡೆಯಿತು. ಅದನ್ನು ನಡೆಸಿದ ಥಾಮಸ್ ಸಂಸ್ಥೆಯವರು ಅದಕ್ಕೆ ಮೊದಲು ನೀಲಿಯ ದಲ್ಲಾಳಿಗಳು. ಇಂದಿಗೂ ಅವರ ಕಟ್ಟಡದ ಹೆಸರು ನೀಲ್‌ಹಾಟ್, ಎಂದರೆ ನೀಲಿಯ ಸಂತೆ. ಒಂದು ಸರಕು ಹೋಗಿ ಮತ್ತೊಂದು ಬಂದರೂ ಪೆಟ್ಟಿಗೆಯಿಂದ ಮಾದರಿ ತೆಗೆದು, ತೂಗಿ, ಕೂಗಿ ಮಾರುವ ಪದ್ಧತಿ ಮುಂದುವರಿಯಿತು.

ಹರಾಜು ಬೆಳೆದಂತೆ ಪೆಟ್ಟಿಗೆಯ ಬೇಡಿಕೆಯೂ ಬೆಳೆಯಿತು. ಮೊದಮೊದಲು ತೋಟದ ಸುತ್ತಲಿನ ಕಾಡನ್ನೇ ಕೊಯ್ದು ಹಲಗೆ ಮಾಡಿದರು. ನಾವು ಕೆಂಪು ಬೂರುಗವೆಂದು ಕರೆಯುವ, ಬಂಗಾಳಿಗಳು ಶಿಮುಲವೆನ್ನುವ ಮರ ಇದಕ್ಕೆ ಬಹಳವಾಗಿ ಬಿದ್ದಿತು. ಮೃದು, ಹಗುರ, ವಾಸನೆ ಕಡಿಮೆ. ಆದರೆ ಕೊಯ್ದ ಹಲಗೆಯಲ್ಲಿ ಮೂರು ದೋಷಗಳಿದ್ದವು. ಒಣಗಲು ಪುರಸತ್ತಿಲ್ಲದೆ ಬಳಸಿದರೆ ಅದು ಸೊಟ್ಟಗಾಗಿ ಬಿರಿಯುತ್ತಿತ್ತು. ಮೊಳೆಯನ್ನು ಹಿಡಿಯಬೇಕಾದರೆ ದಪ್ಪವಿರಬೇಕು, ದಪ್ಪವಿದ್ದರೆ ಭಾರ. ಒಂದು ಪೆಟ್ಟಿಗೆಯ ತೂಕ ಇನ್ನೊಂದಕ್ಕೆ ಸರಿಬರುತ್ತಿರಲಿಲ್ಲವಾಗಿ ಒಟ್ಟು ತೂಕದಲ್ಲಿ ಪೆಟ್ಟಿಗೆಯದನ್ನು ಕಳೆದು ಚಹಾದ ನಿವ್ವಳವನ್ನು ಕಾಣುವುದು ಕಲಹಕ್ಕೆ ಕಾರಣವಾಗುತ್ತಿತ್ತು. ಸಿಂಹಳದಲ್ಲಿ ಜಪಾನಿನ ಮೋಮಿ ಎಂಬ ಮರದ ಹಲಗೆಗಳನ್ನು ತರಿಸಿಕೊಂಡರು. ಅದೂ ಕೊಯ್ದ ಹಲಗೆಯೇ. ದೋಷ ಸ್ವಲ್ಪ ತಗ್ಗಿತೇ ಹೊರತು ತಪ್ಪಲಿಲ್ಲ.

೪

ಇಲ್ಲಿ ಮತ್ತೊಂದು ಸಮಸ್ಯೆಯಿದೆ. ಇದನ್ನು ಬರಿಯ ಪೆಟ್ಟಿಗೆಯ ಸಮಸ್ಯೆ ಎಂದು ಕರೆಯೋಣ. ತುಂಬಿದ ಪೆಟ್ಟಿಗೆಯನ್ನು ಸಾಗಿಸಿದರೆ ಸರಕಿಗೆ ಕೂಲಿ ಕೊಟ್ಟಂತೆ; ಬರಿದನ್ನು ಸಾಗಿಸಿದರೆ ಗಾಳಿಗೆ ಕೂಲಿ ಕೊಟ್ಟಂತೆ. ಕಲ್ಕತ್ತೆಯಿಂದ ಬ್ರಹ್ಮಪುತ್ರದ ಮೇಲ್ಭಾಗದ ದಿಬ್ರೂಗಢಕ್ಕೆ ಸ್ಟೀಮರುಗಳು ಪ್ರವಾಹಕ್ಕೆ ಎದುರಾಗಿ ವಾರಗಟ್ಟಲೆ ಸಾಗುತ್ತಿದ್ದವು. ಮೇಲೆ ಹೋಗುವಾಗ ಯಂತ್ರ, ಅಕ್ಕಿ, ಎಣ್ಣೆ ಮತ್ತು ತೋಟದ ಕೂಲಿಗಳು. ಕೆಳಗೆ ಬರುವಾಗ ಚಹಾ. ಈ ಹಾದಿಯಲ್ಲಿ ಕಟ್ಟಿದ ಬರಿಯ ಪೆಟ್ಟಿಗೆಗಳನ್ನು ಏರಿಸಿ ಕಳುಹಿಸುವುದು ಯಾವ ತೋಟದ ಲೆಕ್ಕಕ್ಕೂ ಹೊಂದುತ್ತಿರಲಿಲ್ಲ.

ಈ ಮಾತನ್ನು ಅಂಕಿಗಳಿಂದ ಪರೀಕ್ಷಿಸಬಹುದು. ರೂಢಿಯಲ್ಲಿದ್ದ ಒಂದು ಅಳತೆ ೧೯ ಇಂಚು ಉದ್ದ, ೧೯ ಇಂಚು ಅಗಲ, ೨೪ ಇಂಚು ಎತ್ತರ. ಇದು ಆಕ್ರಮಿಸುವ ಸ್ಥಳ ೮,೬೬೪ ಘನ ಇಂಚು, ಎಂದರೆ ಸುಮಾರು ೫ ಘನ ಅಡಿ. ಇದರ ಆರು ಮೈಗಳ ಒಟ್ಟು ವಿಸ್ತೀರ್ಣ ೨,೫೪೬ ಚದರ ಇಂಚು. ಹಲಗೆಯ ದಪ್ಪವನ್ನು ಇಂಚಿನ ಹದಿನಾರರಲ್ಲಿ ಮೂರು ಪಾಲೆಂದು ಹಿಡಿದರೆ ಹಲಗೆಯ ಗಾತ್ರ ೪೭೭ ಘನ ಇಂಚು. ಹನ್ನೆರಡು ಅಂಚುಗಳಿಗೂ ಮುಕ್ಕಾಲಿಂಚಿನ ಚೌಕ ರೀಪುಗಳನ್ನು ಕೊಟ್ಟರೆ ಅವುಗಳ ಗಾತ್ರ ಸುಮಾರು ೧೪೦. ಒಟ್ಟು ೬೧೭ ಘನ ಇಂಚು; ಕಟ್ಟಿದ ಪೆಟ್ಟಿಗೆ ಆಕ್ರಮಿಸುವ ಸ್ಥಳದ ಹದಿನಾಲ್ಕನೆಯ ಒಂದು ಪಾಲು. ಕಟ್ಟುಗಳ ನಡುವಣ ಸಂದುಗಳಿಗೆ ಸ್ವಲ್ಪ ಬಿಟ್ಟರೂ, ಒಂದು ಕಟ್ಟಿದ ಪೆಟ್ಟಿಗೆಯ ಜಾಗದಲ್ಲಿ ಹನ್ನೆರಡು ಬಿಡಿ ಪೆಟ್ಟಿಗೆಗಳು ಹೋಗುತ್ತವೆಂದಾಯಿತು. ಬಿಡಿ ಪೆಟ್ಟಿಗೆಯ ವ್ಯಾಪಾರದ ಗುಟ್ಟೆಲ್ಲ ಈ ಒಂದು ಭಾಗಾಕಾರದಲ್ಲಿದೆ.

೫

ಹಗುರ, ಸಮತೂಕ, ಬಿರಿಯದಿರುವಿಕೆ, ಬಿಡಿಯಾಗಿ ಸಾಗುವಿಕೆ ಎಂಬ ನಾಲ್ಕೂ ಗುಣಗಳು ಒಟ್ಟಿಗೆ ದೊರೆತುದು ಪ್ಲೈವುಡ್ಡಿನಲ್ಲಿ. ಮರದ ದಿಮ್ಮಿಯನ್ನು ತಿರುಗಿಸುತ್ತ ಅಲಗಿನಿಂದ ಕಾಗದದ ಸುರುಳಿಯಂತೆ ಹಾಳೆ ಸುಲಿದು, ಒಂದರ ಎಳೆ ಉದ್ದಕ್ಕೂ ಮುಂದಿನದರ ಎಳೆ ಅಡ್ಡಕ್ಕೂ ಬರುವಂತೆ ಮೂರು ಹಾಳೆಗಳನ್ನು ಅಂಟಿಸಿದರೆ ಮರಕ್ಕೆ ಸಹಜವಾದ ಬಿರುಕಿನ ಚಾಳಿ ತಪ್ಪುತ್ತದೆ. ಬಾಲ್ಟಿಕ್ ತೀರದ ಟಾಲಿನ್ ನಗರದಲ್ಲಿ, ಅಂದಿನ ಹೆಸರು ರೆವಾಲ್, ಲೂಥರ್ ಮನೆತನದ ಕಾರ್ಖಾನೆಯು ೧೮೯೦ರ ದಶಕದಲ್ಲಿ ತೇವಕ್ಕೆ ಬಿಡದ ಅಂಟಿನಿಂದ ಬರ್ಚ್ ಮರದ ಇಂಥ ಹಲಗೆಗಳನ್ನು ಮಾಡಿತು. ಅವುಗಳನ್ನು ಮಾರಲು ಲಂಡನ್ನಿನಲ್ಲಿ ವೆನೆಸ್ಟಾ ಎಂಬ ಸಂಸ್ಥೆ ಹುಟ್ಟಿತು. ಅದರ ಮುಖ್ಯವಾದ ಪದಾರ್ಥವೇ ಚಹಾ ಪೆಟ್ಟಿಗೆ. ಬಾಲ್ಟಿಕ್ಕಿನ ಚಳಿನಾಡಿನಲ್ಲಿ ಬೆಳೆದ ಮರವು ಹಾಳೆಯಾಗಿ, ಕಟ್ಟಾಗಿ, ಲಂಡನ್ನಿನ ಮೂಲಕ ಕಲ್ಕತ್ತೆಗೆ ಬಂದು, ಅಸ್ಸಾಮಿನಲ್ಲಿ ಪೆಟ್ಟಿಗೆಯಾಗಿ, ಚಹಾ ತುಂಬಿಕೊಂಡು ಮತ್ತೆ ಲಂಡನ್ನಿಗೆ ಹೋಗುತ್ತಿತ್ತು. ದಕ್ಷಿಣಧ್ರುವದ ಯಾತ್ರಿಕನಾದ ಶ್ಯಾಕಲ್ಟನ್ ೧೯೦೭ರಲ್ಲಿ ಹೊರಟಾಗ ತನ್ನ ಆಹಾರಸಾಮಗ್ರಿಗೆ ಇದೇ ವೆನೆಸ್ಟಾ ಪೆಟ್ಟಿಗೆಗಳನ್ನು ಒಯ್ದನು. ಅವನ ತಂಡವು ೧೯೦೮ರಲ್ಲಿ ಹಿಮದ ನಡುವೆ ಮುದ್ರಿಸಿದ ಪುಸ್ತಕಕ್ಕೆ ಆ ಪೆಟ್ಟಿಗೆಯ ಹಲಗೆಗಳೇ ರಟ್ಟಾದವು.

ಜೋಡಣೆಯ ವಿಧಾನ ಸರಳವಾದುದು. ಆರು ಹಲಗೆ, ಅಂಚುಗಳ ಒಳಭಾಗಕ್ಕೆ ರೀಪು, ಹೊರಭಾಗಕ್ಕೆ ಮಡಿಚಿದ ತಗಡಿನ ಪಟ್ಟಿ, ಮೂಲೆಗೆ ತಗಡಿನ ಕಟ್ಟು, ಮೊಳೆ. ಒಳಗೆ ಸೀಸದ ಹಾಳೆ, ಅದರ ಮೇಲೆ ಕಾಗದ. ಸೀಸವು ಭಾರವಾದುದೂ ವಿಷಯುಕ್ತವಾದುದೂ ಆದುದರಿಂದ ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಅಲ್ಯುಮಿನಿಯಮ್ ಹಾಳೆ ಆ ಸ್ಥಾನವನ್ನು ಪಡೆಯಿತು. ತೋಟದ ಬಡಗಿಯು ವಿಶೇಷ ಪಾಂಡಿತ್ಯವಿಲ್ಲದೆ, ಸುತ್ತಿಗೆಯೊಂದರಿಂದಲೇ, ದಿನಕ್ಕೆ ಅನೇಕ ಪೆಟ್ಟಿಗೆಗಳನ್ನು ನಿಲ್ಲಿಸಬಹುದಾಗಿತ್ತು.

ಇದರ ರಚನೆಯಲ್ಲಿ ಅಡಗಿದ ವಿವೇಕವನ್ನು ಸ್ವಲ್ಪ ವಿವರಿಸಬೇಕು. ಪೆಟ್ಟಿಗೆಗಳನ್ನು ಆರು ಎತ್ತರಕ್ಕೆ ಪೇರಿಸಿದರೆ ಅಡಿಯ ಪೆಟ್ಟಿಗೆಯ ಮೇಲೆ ಐದರ ಭಾರ ಬೀಳುತ್ತದೆ. ಪೆಟ್ಟಿಗೆಯ ತೂಕವೂ ಸೇರಿ ಸುಮಾರು ೩೦೦ ಕಿಲೋಗ್ರಾಂ. ತೆಳುವಾದ ಹಲಗೆ ಇದನ್ನು ಹೊರುವುದೆಂತು? ಹೊರುವುದು ಹಲಗೆಯಲ್ಲ, ನಾಲ್ಕು ಮೂಲೆಯ ನೆಟ್ಟ ರೀಪುಗಳು. ನಮ್ಮ ಮನೆಗಳಲ್ಲಿ ಸೂರಿನ ಭಾರವನ್ನು ಕಂಬಗಳು ಹೊತ್ತು ಗೋಡೆಯು ಕಂಬ ಓರೆಯಾಗದಂತೆ ಹಿಡಿಯುವ ಹಾಗೆ, ಇಲ್ಲಿ ರೀಪು ಕಂಬ, ಹಲಗೆ ಗೋಡೆ. ಮೂಲೆಯ ಮೇಲೆ ಮೂಲೆ ಕೂಡುವಂತೆ ಪೇರಿಸಿದಾಗ ಭಾರವು ಕಂಬದಿಂದ ಕಂಬಕ್ಕೆ ಇಳಿಯುತ್ತ ನೆಲವನ್ನು ಮುಟ್ಟುತ್ತದೆ. ತಳವು ಚೌಕವಾದುದರಿಂದ ಹಮಾಲಿಯು ಯಾವ ಮುಖವನ್ನು ಮುಂದೆ ಮಾಡಿ ಇಟ್ಟರೂ ಸಾಲು ಕೆಡದು. ಹಡಗಿನ ಒಡಲಿನ ಮಬ್ಬು ಬೆಳಕಿನಲ್ಲಿ ಅವಸರದಿಂದ ಕೆಲಸ ಮಾಡುವವರಿಗೆ ಇದು ಸಣ್ಣ ಅನುಕೂಲವಲ್ಲ.

೬

ಪ್ಲೈವುಡ್ಡು ಹಳೆಯ ದೋಷಗಳನ್ನು ಕಳೆದರೂ ಹೊಸದೊಂದನ್ನು ತಂದಿತು. ಅದೇ ಅಂಟು. ಹಾಲೊಡೆದ ಗಟ್ಟಿಯಿಂದ ತೆಗೆದ ಕೇಸೀನ್, ಕಸಾಯಿಖಾನೆಯ ರಕ್ತದಿಂದ ತೆಗೆದ ಅಲ್ಬ್ಯುಮಿನ್ ಇವು ಅಂದಿನ ಅಂಟುಗಳು. ಅವು ತೇವ ತಗುಲಿ ಕೆಟ್ಟರೆ ಅವುಗಳ ದುರ್ವಾಸನೆ ಚಹಾಕ್ಕೆ ಹತ್ತುತ್ತಿತ್ತು. ಕಲ್ಕತ್ತೆಯ ದಲ್ಲಾಳಿಗಳ ಕೊಠಡಿಗಳಲ್ಲಿ ಬೆಳಗಿನ ಹೊತ್ತು ಸಾಲಾಗಿ ಇಟ್ಟ ಬಟ್ಟಲುಗಳಿಂದ ಸೊರ್ರೆಂದು ಹೀರಿ ಉಗುಳುವ ರುಚಿಪರೀಕ್ಷಕರ ಪರಿಭಾಷೆಯಲ್ಲಿ ಇದಕ್ಕೆ ಪ್ರತ್ಯೇಕ ಶಬ್ದಗಳೇ ಇವೆ. ಹದವಾಗಿ ಒಣಗದ ಹಲಗೆಯ ವಾಸನೆ ಹತ್ತಿದ ಚಹಾವನ್ನು ‘ಚೆಸ್ಟಿ’ ಎನ್ನುತ್ತಾರೆ, ಎಂದರೆ ಪೆಟ್ಟಿಗೆ ನಾತದ್ದು. ಕೇಸೀನ್ ಅಂಟಿನ ವಾಸನೆ ಹತ್ತಿದುದನ್ನು ‘ಚೀಸಿ’ ಎನ್ನುತ್ತಾರೆ. ತೋಟದವನು ಎಷ್ಟು ಎಚ್ಚರಿಕೆಯಿಂದ ಎಲೆ ಕೊಯ್ಸಿ ಬಾಡಿಸಿ ಹುರಿಸಿದ್ದರೂ ಈ ಒಂದು ಶಬ್ದವು ಪರೀಕ್ಷಕನ ಬಾಯಿಂದ ಹೊರಬಿದ್ದರೆ ಬೆಲೆ ಕುಸಿಯಿತೆಂದೇ ಅರ್ಥ. ಪಾತ್ರೆಯ ಇತಿಹಾಸವು ರುಚಿಯ ಕೋಶದಲ್ಲಿ ಎರಡು ಶಬ್ದಗಳಾಗಿ ಉಳಿದಿದೆಯೆಂಬುದು ಭಾಷಾಭ್ಯಾಸಿಗಳಾದ ವಾಚಕರಿಗೆ ಕುತೂಹಲಕರವಾಗಿ ತೋರಬಹುದು.

೭

ಅಸ್ಸಾಮಿನ ಮಾರ್ಗರೀಟಾ ಮತ್ತು ಲೇಡೋ ಪರಿಸರದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿಯೇ ಚಹಾ ಪೆಟ್ಟಿಗೆಯ ಪ್ಲೈವುಡ್ ಕಾರ್ಖಾನೆ ಹುಟ್ಟಿತ್ತಾದರೂ ವಿದೇಶದ ಹಲಗೆಯೇ ಬಹುಕಾಲ ಮಾರುಕಟ್ಟೆಯನ್ನು ಆಳಿತು. ಎರಡನೆಯ ಮಹಾಯುದ್ಧವು ಬಾಲ್ಟಿಕ್ಕಿನ ಮತ್ತು ಜಪಾನಿನ ದಾರಿಗಳನ್ನು ಮುಚ್ಚಿದಾಗ ದೇಶೀಯ ಕಾರ್ಖಾನೆಗಳಿಗೆ ಅವಕಾಶ ದೊರೆಯಿತು. ಅಸ್ಸಾಮಿನ ಹೋಲಾಂಗ್ ಮರ, ಪಶ್ಚಿಮ ಘಟ್ಟದ ಮರಗಳು ಬರ್ಚಿನ ಸ್ಥಾನಕ್ಕೆ ಬಂದವು. ಉತ್ತರ ಕನ್ನಡದ ದಾಂಡೇಲಿಯಲ್ಲಿ ಪ್ಲೈವುಡ್ ಕಾರ್ಖಾನೆಯಾಯಿತು. ಮಲಬಾರಿನ ಬಳಿಯಪಟ್ಟಣದಲ್ಲಿ ಮತ್ತೊಂದು. ಚಹಾ ಪೆಟ್ಟಿಗೆಯ ಹಲಗೆಗೆ ತಕ್ಕುದೆಂದು ಪರಿಗಣಿತವಾದ ಮರಗಳಲ್ಲಿ ನಮ್ಮ ಘಟ್ಟದ ಧೂಪವೂ ಒಂದು. ಸಾಲುಮರವಾಗಿ ನೆರಳು ಕೊಟ್ಟ, ಸುರಿದ ಅಂಟು ದೇವರ ಮುಂದೆ ಹೊಗೆಯಾಗಿ ಪರಿಮಳಿಸಿದ ಅದೇ ಮರ.

ಸ್ವಾತಂತ್ರ್ಯ ಬಂದ ವರ್ಷವೇ, ೧೯೪೭ರಲ್ಲಿ, ಭಾರತೀಯ ಮಾನಕ ಸಂಸ್ಥೆ ಸ್ಥಾಪಿತವಾಯಿತು. ಅದು ಹೊರಡಿಸಿದ ಮಾನಕಗಳಲ್ಲಿ ಮೊದಲ ಸಂಖ್ಯೆ ರಾಷ್ಟ್ರಧ್ವಜಕ್ಕೆ ಸೇರಿದುದು; ಹತ್ತನೆಯ ಸಂಖ್ಯೆ ಪ್ಲೈವುಡ್ಡಿನ ಚಹಾ ಪೆಟ್ಟಿಗೆಗೆ ಸೇರಿದುದು. ಹಲಗೆ, ರೀಪು, ತಗಡಿನ ಸಾಮಾನು, ಜೋಡಣೆ ಎಂದು ಒಂದೊಂದಕ್ಕೂ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟು ಈ ಮಾನಕವನ್ನು ಮುಂದೆ ವಿಸ್ತರಿಸಿದರು. ಹೊಸ ರಾಷ್ಟ್ರವು ತನ್ನ ಬಾವುಟದ ಬಟ್ಟೆಯನ್ನು ನಿಷ್ಕರ್ಷಿಸಿದ ಕೆಲವೇ ಹೆಜ್ಜೆಗಳಲ್ಲಿ ಒಂದು ಪೆಟ್ಟಿಗೆಯನ್ನೂ ನಿಷ್ಕರ್ಷಿಸಬೇಕಾಯಿತೆಂದರೆ, ವಿದೇಶೀ ಹಣವನ್ನು ತರುತ್ತಿದ್ದ ಚಹಾಕ್ಕೆ ಆ ಪೆಟ್ಟಿಗೆ ಎಷ್ಟು ಮುಖ್ಯವಾಗಿತ್ತೆಂಬುದು ಸ್ಪಷ್ಟ.

ಅಂಟಿನ ಪ್ರಶ್ನೆಯನ್ನು ದೆಹರಾದೂನಿನ ಅರಣ್ಯ ಸಂಶೋಧನ ಸಂಸ್ಥೆಯಲ್ಲಿ ಡಿ. ನಾರಾಯಣಮೂರ್ತಿ ಮೊದಲಾದವರು ಕೈಗೆತ್ತಿಕೊಂಡು ಈ ದೇಶದ ಬೀಜಗಳಿಂದಲೇ ಅಂಟು ತೆಗೆಯುವ ಬಗೆಯನ್ನು ಶೋಧಿಸಿದರು. ಪ್ಲೈವುಡ್ ಉದ್ಯಮಕ್ಕಾಗಿಯೇ ಮೀಸಲಾದ ಸಂಶೋಧನ ಸಂಸ್ಥೆ ೧೯೬೨ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ತುಮಕೂರು ರಸ್ತೆಯಲ್ಲಿ ನೆಲೆಗೊಂಡಿತು. ಮುಂದೆ ಕಲ್ಕತ್ತೆಯಲ್ಲಿಯೂ ಅದರ ಕೇಂದ್ರವೊಂದು ಕೆಲಸ ಮಾಡಿತು. ಬೆಂಗಳೂರಿನ ಪ್ರಯೋಗಶಾಲೆಗೂ ಹೂಗ್ಲಿಯ ಗೋದಾಮಿಗೂ ಇದ್ದ ಈ ನಂಟು ನಮ್ಮವರಿಗೆ ತಿಳಿದಿರುವುದು ಅಪೂರ್ವ.

ಈ ನಡುವೆ ದೇಶವಿಭಜನೆಯು ಹಾದಿಯನ್ನೇ ಕತ್ತರಿಸಿತ್ತು. ಅಸ್ಸಾಮಿಗೆ ಭಾರತದ ನೆಲದ ಮೇಲೆಯೇ ಹೋಗುವ ರೈಲುಮಾರ್ಗ ೧೯೫೦ರ ಜನವರಿಯಲ್ಲಿ ತೆರೆಯಿತು. ಪೂರ್ವ ಪಾಕಿಸ್ತಾನದ ಮೂಲಕ ಸ್ಟೀಮರಿನ ಸಾಗಣೆ ೧೯೬೫ರ ಯುದ್ಧದವರೆಗೆ ನಡೆದು ನಿಂತುಹೋಯಿತು. ಗಡಿಗಳು ಬದಲಾದರೂ ಪೆಟ್ಟಿಗೆಯ ಅಳತೆ ಬದಲಾಗಲಿಲ್ಲ.

೮

ಈಗ ಕಾಡಿನ ಲೆಕ್ಕವನ್ನು ನೋಡೋಣ. ೧೯೫೦ರ ದಶಕದ ಆರಂಭದಲ್ಲಿ ಭಾರತದ ವಾರ್ಷಿಕ ಚಹಾ ರಫ್ತು ಸುಮಾರು ೨೦ ಕೋಟಿ ಕಿಲೋಗ್ರಾಂ. ಪೆಟ್ಟಿಗೆಗೆ ೫೦ ಕಿಲೋಗ್ರಾಮಿನಂತೆ ೪೦ ಲಕ್ಷ ಪೆಟ್ಟಿಗೆ. ಮೇಲೆ ಕಂಡ ನಮ್ಮ ಲೆಕ್ಕದಂತೆ ಒಂದರಲ್ಲಿ ೬೧೭ ಘನ ಇಂಚು ಮರವಿದ್ದರೆ ವರ್ಷಕ್ಕೆ ಸುಮಾರು ೧೪ ಲಕ್ಷ ಘನ ಅಡಿ. ಇದು ಸಿದ್ಧವಾದ ಹಲಗೆಯ ಲೆಕ್ಕ ಮಾತ್ರ. ಸುಲಿದ ಮೇಲೆ ಉಳಿಯುವ ತಿರುಳು, ಹರಿದ ಹಾಳೆ, ಕಾಡಿನಲ್ಲಿಯೇ ಬಿಟ್ಟ ಕೊಂಬೆ, ಉರುಳುವಾಗ ಮುರಿದ ನೆರೆಯ ಗಿಡ ಇದರಲ್ಲಿ ಸೇರಿಲ್ಲ. ಇಷ್ಟು ಮರ ಒಂದು ಸಲ ಕಡಲು ದಾಟಿತು, ಹಿಂದಿರುಗಲಿಲ್ಲ.

ಪೆಟ್ಟಿಗೆಯ ಬಿಡಿತನದ ನಿಜವಾದ ಸ್ವರೂಪ ಇಲ್ಲಿ ಕಾಣುತ್ತದೆ. ಅದು ಒಂದು ದಿಕ್ಕಿಗೆ ಮಾತ್ರ ಬಿಡಿಯಾಗಬಲ್ಲ ಪೆಟ್ಟಿಗೆ. ತೋಟಕ್ಕೆ ಹೋಗುವಾಗ ಹಲಗೆಯ ಕಟ್ಟು. ಮೊಳೆ ಬಿದ್ದ ಮೇಲೆ ಮತ್ತೆ ಕಳಚಿದರೆ ಅಂಚು ಹರಿದು ಕೆಲಸಕ್ಕೆ ಬಾರದು. ಇಂದು ತರಕಾರಿ ಹಣ್ಣುಗಳ ಸಾಗಣೆಯಲ್ಲಿ ಕಾಣುವ ಕೀಲುಳ್ಳ ಪ್ಲಾಸ್ಟಿಕ್ ಪೆಟ್ಟಿಗೆಯು ತುಂಬಿ ಹೋಗಿ, ಮಡಿಚಿ ಬಂದು, ಮತ್ತೆ ತುಂಬಿ ಹೋಗುತ್ತದೆ. ಅದರ ವಿನ್ಯಾಸದಲ್ಲಿ ಮರಳುವಿಕೆ ಸೇರಿದೆ. ಚಹಾ ಪೆಟ್ಟಿಗೆಯ ವಿನ್ಯಾಸಕಾರರು ಅಷ್ಟು ಬುದ್ಧಿಯಿಲ್ಲದವರಾಗಿದ್ದರೆ? ಹಾಗೆನ್ನಲಾಗದು. ಕೀಲಿನ ವಿದ್ಯೆ ಅಂದೂ ಇತ್ತು. ಆದರೆ ಲಂಡನ್ನಿನಿಂದ ಬರಿಯ ಪೆಟ್ಟಿಗೆಯನ್ನು ಮರಳಿ ತರುವ ಖರ್ಚಿಗಿಂತ ಇಲ್ಲಿಯ ಕಾಡಿನ ಮರ ಅಗ್ಗವಾಗಿತ್ತು. ಅಗ್ಗವಾಗಿದ್ದುದೇಕೆಂದರೆ ಆ ಮರಕ್ಕೆ ನಿಜವಾದ ಬೆಲೆ ಕಟ್ಟುವವರು ಯಾರೂ ಇರಲಿಲ್ಲ. ಒಂದೇ ದಿಕ್ಕಿಗೆ ಹರಿಯುವ ವ್ಯಾಪಾರವು ಒಂದೇ ದಿಕ್ಕಿನ ಪೆಟ್ಟಿಗೆಯನ್ನು ಹೆತ್ತಿತು. ಯಾವ ರಾಜಶಾಸನಕ್ಕೂ ಕಡಿಮೆಯಿಲ್ಲದಂತೆ ಆ ಕಾಲದ ಸಂಬಂಧಗಳು ಈ ವಸ್ತುವಿನ ಮೈಯಲ್ಲಿ ಬರೆಯಲ್ಪಟ್ಟಿವೆ.

ಇದಕ್ಕೆ ಪ್ರತಿಯಾಗಿ ಒಂದು ಮಾತನ್ನು ಹೇಳುವವರುಂಟು. ಚಹಾ ಪೆಟ್ಟಿಗೆ ಎಲ್ಲಿಯೂ ಬಿಸುಡಲ್ಪಡಲಿಲ್ಲ. ಇಂಗ್ಲೆಂಡಿನಲ್ಲಿ ಮನೆ ಬದಲಿಸುವವರ ಸಾಮಾನು ಪೆಟ್ಟಿಗೆಯಾಯಿತು, ೧೯೫೦ರ ದಶಕದ ತರುಣರ ಕೈಯಲ್ಲಿ ಕೋಲೂ ದಾರವೂ ಸೇರಿ ಸಂ‌ಗೀತವಾದ್ಯವೂ ಆಯಿತು. ನಮ್ಮಲ್ಲಿ ವರ್ಗವಾಗಿ ಊರೂರು ತಿರುಗುವ ನೌಕರರ ಪಾತ್ರೆಪಡಗ, ಪುಸ್ತಕಗಳನ್ನು ಹೊತ್ತಿತು ಎನ್ನುತ್ತಾರೆ. ಮಾತು ನಿಜ. ಪರಸ್ಥಳಗಳಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ಅದರ ಉಪಕಾರ ಗೊತ್ತಿಲ್ಲದ್ದಲ್ಲ. ಆದರೆ ಎರಡನೆಯ ಜನ್ಮದಲ್ಲಿ ಅದು ಎಷ್ಟು ಸೇವೆ ಮಾಡಿದರೂ ತೋಟಕ್ಕೆ ಮುಂದಿನ ವರ್ಷ ಹೊಸ ಪೆಟ್ಟಿಗೆ ಬೇಕೇ ಬೇಕು, ಅದಕ್ಕೆ ಹೊಸ ಮರ ಬೀಳಲೇಬೇಕು. ಮನೆಯ ಮಿತವ್ಯಯವು ಕಾಡಿನ ವ್ಯಯವನ್ನು ತಗ್ಗಿಸಲಿಲ್ಲ.

ಕಾಡು ಕೊನೆಗೆ ತನ್ನ ಮಾತನ್ನು ಹೇಳಿತು. ೧೯೮೩ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನರು ಕಳಸೆಯ ಕಾಡಿಗೆ ನಡೆದು, ಕಡಿಯಲು ಗುರುತಾದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೊ ಚಳವಳಿ ಎಂದು ಹೆಸರಾದ ಇದರ ಫಲವಾಗಿಯೂ ವಿಜ್ಞಾನಿಗಳ ಎಚ್ಚರಿಕೆಯಿಂದಲೂ ಆ ದಶಕದಲ್ಲಿ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳ ಹಸಿಮರ ಕಡಿಯುವುದು ಕ್ರಮೇಣ ನಿಂತಿತು. ಈಶಾನ್ಯದಲ್ಲಿ ಆಘಾತ ಒಮ್ಮೆಲೇ ಬಂದಿತು. ಗೋದವರ್ಮನ್ ತಿರುಮುಲ್ಪಾಡರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೬ರ ಡಿಸೆಂಬರ್ ೧೨ರಂದು ಕೊಟ್ಟ ಆಜ್ಞೆಯಿಂದ ಈಶಾನ್ಯ ರಾಜ್ಯಗಳ ಮರ ಹೊರಗೆ ಹೋಗುವುದು ನಿಂತಿತು. ಅರುಣಾಚಲದ ತಿರಪ್, ಚಾಂಗ್ಲಾಂಗ್ ಜಿಲ್ಲೆಗಳ ಮತ್ತು ಅವಕ್ಕೆ ಹೊಂದಿದ ಅಸ್ಸಾಮಿನ ಪ್ರದೇಶದ ಪ್ಲೈವುಡ್ ಕಾರ್ಖಾನೆಗಳು ಮುಚ್ಚಿದವು. ಅಲ್ಲಿ ದುಡಿಯುತ್ತಿದ್ದವರು ಕೆಲಸವಿಲ್ಲದೆ ಉಳಿದರೆಂಬುದನ್ನೂ ಇತಿಹಾಸಕಾರನು ಮರೆಯಬಾರದು. ಕಾಡು ಉಳಿದುದರ ಬೆಲೆಯಲ್ಲಿ ಒಂದು ಪಾಲನ್ನು ಅವರು ತೆತ್ತರು.

೯

ಆ ಹೊತ್ತಿಗಾಗಲೇ ಪೆಟ್ಟಿಗೆಯ ಸ್ಥಾನಕ್ಕೆ ಚೀಲ ಬರತೊಡಗಿತ್ತು: ಹಲವು ಪದರದ ಕಾಗದ, ಒಳಗೆ ಅಲ್ಯುಮಿನಿಯಮ್ ಹಾಳೆ. ಮಣೆಯ ಮೇಲೆ ಚೀಲಗಳನ್ನು ಪೇರಿಸಿ, ಮಣೆಯನ್ನೇ ಯಂತ್ರದಿಂದ ಎತ್ತಿ, ಉಕ್ಕಿನ ಕಂಟೇನರಿನೊಳಗೆ ಇಡುವ ಪದ್ಧತಿ ಬಂದ ಮೇಲೆ ಒಂದೊಂದು ಪೆಟ್ಟಿಗೆಯೂ ಸ್ವಂತ ಬಲದಿಂದ ಭಾರ ಹೊರುವ ಅವಶ್ಯಕತೆ ತಪ್ಪಿತು. ಕಂಬದ ಕೆಲಸವನ್ನು ಕಂಟೇನರಿನ ಮೂಲೆಗಳು ವಹಿಸಿಕೊಂಡವು. ಅಮೆರಿಕದ ಮ್ಯಾಲ್ಕಮ್ ಮೆಕ್ಲೀನ್ ೧೯೫೬ರಲ್ಲಿ ಆರಂಭಿಸಿದ ಈ ಕ್ರಮವು ೧೯೭೭ರಲ್ಲಿ ತೆರೆದ ಹಲ್ದಿಯಾ ರೇವಿಗೂ ಖಿದಿರ್‌ಪುರದ ಹಳೆಯ ಕಟ್ಟೆಗಳಿಗೂ ಕ್ರಮೇಣ ತಲಪಿತು. ಒಂದು ವಿಷಯವನ್ನು ಮಾತ್ರ ಹೇಳದೆ ಬಿಡಲಾಗದು: ಕಂಟೇನರು ಮಡಿಚದು. ಆಮದು ರಫ್ತುಗಳು ಸಮನಾಗಿಲ್ಲದ ರೇವುಗಳಿಂದ ಬರಿಯ ಕಂಟೇನರುಗಳನ್ನು ಹಡಗುಗಳು ಇಂದಿಗೂ ಹೊತ್ತು ತಿರುಗುತ್ತವೆ. ಮಡಿಚುವ ಕಂಟೇನರನ್ನು ಕಂಡುಹಿಡಿಯುವ ಪ್ರಯತ್ನಗಳು ನಡೆದಿವೆಯಾದರೂ ರೂಢಿಗೆ ಬಂದಿಲ್ಲ. ಬ್ರಹ್ಮಪುತ್ರದ ಸ್ಟೀಮರಿನ ಮುಂದಿದ್ದ ಬರಿಯ ಪೆಟ್ಟಿಗೆಯ ಸಮಸ್ಯೆ ಗಾತ್ರದಲ್ಲಿ ಬೆಳೆದು ಮತ್ತೆ ಎದುರು ನಿಂತಿದೆ.

ಇನ್ನು ಗೋಣಿಯ ವಿಷಯ. ಪಾಣಿನಿಯು ಬಲ್ಲ, ಕನ್ನಡದ ಹಳ್ಳಿಹಳ್ಳಿಯೂ ಬಲ್ಲ, ಇಂಗ್ಲಿಷಿಗೂ ಹೋದ ಈ ಶಬ್ದದ ಅರ್ಥವಾದ ಚೀಲವು ಬರಿದಾದಾಗ ಬಟ್ಟೆಯಂತೆ ಮಡಿಯುತ್ತದೆ, ತುಂಬಿದಾಗ ಪೇರಿಸಬರುತ್ತದೆ, ಮರಳಿ ಬಂದು ಮತ್ತೆ ತುಂಬುತ್ತದೆ. ಕೊಡಗು ಚಿಕ್ಕಮಗಳೂರುಗಳ ಕಾಫಿ ಇಂದಿಗೂ ಅದರಲ್ಲಿಯೇ ಹೋಗುತ್ತದೆ. ತೇವದಿಂದ ಕಾಯುವ ಒಂದು ಗುಣ ಅದಕ್ಕೆ ಇದ್ದಿದ್ದರೆ ಚಹಾ ಪೆಟ್ಟಿಗೆ ಹುಟ್ಟುತ್ತಲೇ ಇರಲಿಲ್ಲವೆನ್ನಬಹುದು. ಜಗತ್ತಿಗೆ ಗೋಣಿ ಹೊಲಿದುಕೊಟ್ಟ ಊರಿನಲ್ಲಿಯೇ, ಗೋಣಿಗೆ ಒಗ್ಗದ ಒಂದು ಎಲೆಗಾಗಿ, ನೂರು ವರ್ಷ ಮರ ಬಿದ್ದಿತು.

ಕಲ್ಕತ್ತೆಯಲ್ಲಿ ನೀಲಿಯ ಕೋಠಿಗಳ, ಜಮೀನುದಾರರ ಮಹಲುಗಳ, ಸೆಣಬಿನ ಗಿರಣಿಗಳ ಇತಿಹಾಸವನ್ನು ಬರೆಯುವವರಿದ್ದಾರೆ. ಪೆಟ್ಟಿಗೆಗೆ ಇನ್ನೂ ಇತಿಹಾಸಕಾರ ದೊರೆತಿಲ್ಲ. ದಾಂಡೇಲಿಯ ಕಾಡಿನ ಕಡತಗಳೂ ಬೆಂಗಳೂರಿನ ಅಂಟಿನ ಪ್ರಯೋಗಗಳೂ ನೀಲ್‌ಹಾಟಿನ ರುಚಿಯ ಟಿಪ್ಪಣಿಗಳೂ ಒಂದೇ ವಸ್ತುವಿನ ಮೂರು ಮೈಗಳು. ಕನ್ನಡವನ್ನೂ ಬಂಗಾಳಿಯನ್ನೂ ಬಲ್ಲವರು ನಮ್ಮ ನಡುವೆ ಇದ್ದಾರೆ. ಆ ಮೂರನ್ನು ಒಂದೆಡೆ ತಂದು ಜೋಡಿಸುವ ಕೆಲಸಕ್ಕೆ ಇಲ್ಲಿ ನೆಲೆಸಿದ ಕನ್ನಡಿಗರಿಗಿಂತ ಹೆಚ್ಚು ಅರ್ಹರು ಬೇರೆಲ್ಲಿ ದೊರೆಯುತ್ತಾರೆ?